ಬಿಟಿ ಹತ್ತಿಕಾಳು ತಿಂದ ಎಮ್ಮಿ ಹಾಲು ಕುಡೀಬೌದೇನ್ರಿ?

ಕರಿಮಣ್ಣು_ಕುಂದಗೋಳ

ಎಲ್ಲಾರಿಗೂ ಶರಣ್ರಿ. ನಮ್ಮದು ಎರಿ ಹೊಲ. ಹತ್ತಿ, ಕಡ್ಲಿ, ಒಂದೀಟು ಮೆಣಸಿನಕಾಯಿ. ಮನ್ಯಾಗ ಎರಡು ಎಮ್ಮಿ ಅದಾವ. ರಾತ್ರಿ ಹತ್ತಿಕಾಳು ನೆನಿ ಇಟ್ಟು ಮುಂಜಾನೆ ರುಬ್ಬಿ ಹಾಕೂದು ನಮ್ಮ ಅವ್ವನ ಕಾಲದಿಂದ ನಡ್ಕೊಂಡು ಬಂದೈತಿ. ಹಾಲು ದಪ್ಪ ಬರ್ತದ, ಬೆಣ್ಣಿ ಚೊಲೋ ಬೀಳ್ತದ.

ಮೊನ್ನೆ ಬೆಂಗಳೂರಾಗ ಓದೋ ನನ್ನ ತಂಗಿ ಮಗಳು ಬಂದಿದ್ಲು. "ಮಾಮಾ, ಇದು ಬಿಟಿ ಕಾಳು, ಹುಳ ಸಾಯ್ಲಿ ಅಂತ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದು, ಇದರಾಗಿನ ವಿಷ ಹಾಲಿನಾಗ ಬರ್ತದ" ಅಂತಂದು ಚಾ ಮುಟ್ಟಲಿಲ್ಲ. ಮೊಬೈಲ್‌ನಾಗ ಒಂದು ವಿಡಿಯೋ ತೋರಿಸಿದ್ಲು, ಆಂಧ್ರದಾಗ ಬಿಟಿ ಹತ್ತಿ ಹೊಲ ಮೇಯ್ದ ಕುರಿ ಸತ್ತಾವ ಅಂತ. ಹುಳ ತಿಂದ್ರ ಸಾಯೂದು, ಎಮ್ಮಿ ತಿಂದ್ರ ಏನೂ ಆಗೂದಿಲ್ಲ ಅಂದ್ರ ಹೆಂಗ? ತಿಳದವರು ಹೇಳ್ರಿ. ಕಂಪನಿ ಪರ, ಕಂಪನಿ ವಿರೋಧ ಭಾಷಣ ಬ್ಯಾಡ್ರಿ, ಅವನ್ನ ಭಾಳ ಕೇಳೀನಿ.

ದನದಡಾಕ್ಟ್ರು

ನಾನು ಪಶುವೈದ್ಯ, ಹಾವೇರಿ ಜಿಲ್ಲೆಯಲ್ಲಿ ಕೆಲಸ. ಬಿಟಿ ಅನ್ನೋ ಕಾರಣಕ್ಕೆ ಹಾಲು ಬಿಡಬೇಕಾಗಿಲ್ಲ. ಕಾಳಿನಲ್ಲಿರೋ, ಹುಳ ಕೊಲ್ಲೋ ಕ್ರೈ ಅನ್ನೋದು ಒಂದು ಪ್ರೋಟೀನು. ಎಮ್ಮೆ ಹೊಟ್ಟೆಯಲ್ಲಿ ಹಿಂಡಿಯ ಪ್ರೋಟೀನು ಒಡೆದು ಚೂರಾಗೋ ಹಾಗೆ ಇದೂ ಚೂರಾಗುತ್ತೆ. ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯವರು ಹಾಲು ಕೊಡೋ ಹಸುಗಳಿಗೆ ಬಿಟಿ ಹತ್ತಿಕಾಳು ತಿನ್ನಿಸಿ ಹಾಲು ಪರೀಕ್ಷೆ ಮಾಡಿದ್ರು, ಕ್ರೈ ಪ್ರೋಟೀನು ಸಿಗಲಿಲ್ಲ. ಕೆಲವೇ ವಾರಗಳ ಪ್ರಯೋಗ ಅದು, ಅದನ್ನೂ ಹೇಳಿಬಿಡ್ತೀನಿ.

ಕುರಿ ವಿಚಾರ: 2006ರಲ್ಲಿ, ಆಗ ಆಂಧ್ರದಲ್ಲಿದ್ದ ವರಂಗಲ್ ಕಡೆ ಹತ್ತಿ ಬಿಡಿಸಿದ ಮೇಲೆ ಹೊಲಕ್ಕೆ ಬಿಟ್ಟ ಕುರಿಗಳು ಸತ್ತವು ಅಂತ ದೊಡ್ಡ ಸುದ್ದಿ ಆಗಿದ್ದು ನಿಜ. ಬಿಟಿಯೇ ಕಾರಣ ಅಂತ ಸಾಬೀತಾಗಲಿಲ್ಲ. ಹೊಲಕ್ಕೆ ಹೊಡೆದ ಎಣ್ಣೆ ಅಂದ್ರೆ ಕೀಟನಾಶಕ, ಗಿಡದಲ್ಲಿ ಸೇರಿಕೊಂಡ ನೈಟ್ರೇಟು ಇವುಗಳ ಮೇಲೆ ಅನುಮಾನ ಹೋಯ್ತು. ವಿಡಿಯೋದಲ್ಲಿ ಈ ಅರ್ಧ ಇರಲ್ಲ.

ಹತ್ತಿಕಾಳಿನಲ್ಲಿ ಹೆದರಬೇಕಾದ್ದು ಬೇರೆ ಎರಡಿವೆ, ಅವುಗಳ ಬಗ್ಗೆ ಯಾರೂ ವಿಡಿಯೋ ಮಾಡಲ್ಲ. ಒಂದು, ಗಾಸಿಪಾಲ್ ಅನ್ನೋ ವಿಷ. ಇದು ಜವಾರಿ ಹತ್ತಿಯಲ್ಲೂ ಇದೆ, ಬಿಟಿಯಲ್ಲೂ ಇದೆ, ಗಿಡದ ಹುಟ್ಟುಗುಣ. ಮೆಲುಕು ಹಾಕೋ ದೊಡ್ಡ ದನ ಮಿತಿಯಲ್ಲಿ ತಿಂದ್ರೆ ಅರಗಿಸಿಕೊಳ್ಳುತ್ತೆ, ಎಳೆಗರುವಿಗೆ ಆಗಲ್ಲ. ಬೀಜದ ಹೋರಿಗೂ ಒಳ್ಳೇದಲ್ಲ. ಎರಡನೇದು ಬೂಷ್ಟು. ಕಾಳು ಹಸಿಯಾಗಿ ಚೀಲದಲ್ಲೇ ಬಿಸಿಯೇರಿ ಬೂಷ್ಟು ಹಿಡಿದ್ರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗುತ್ತೆ. ಅದು ಮಾತ್ರ ನಿಜವಾಗ್ಲೂ ಹಾಲಿಗೆ ಇಳಿಯುತ್ತೆ, ಕಾಯಿಸಿದ್ರೂ ಹೋಗಲ್ಲ. ಚೀಲ ನೆಲಕ್ಕೆ ಇಡಬೇಡಿ, ಕೈ ಹಾಕಿ ನೋಡಿ, ಮುಗ್ಗಲು ವಾಸನೆ ಬಂದ್ರೆ ತಿಪ್ಪೆಗೆ ಹಾಕಿ.

ಕರಿಮಣ್ಣು_ಕುಂದಗೋಳ

ಕರಕ್ಕ ಹಾಕೂದಿಲ್ರಿ ಡಾಕ್ಟ್ರ, ಅದು ಅವ್ವನ ಕಟ್ಟಪ್ಪಣಿ. ಯಾಕಂತ ಈಗ ತಿಳೀತು. ಚೀಲದ್ದು ನೋಡ್ತೀನಿ. ಹುಳ ಸಾಯೂದು, ಎಮ್ಮಿ ಸಾಯೂದಿಲ್ಲ ಅನ್ನೂದು ಇನ್ನೂ ತಲಿಗೆ ಹತ್ತಲಿಲ್ಲ.

ಗಾಜಿನನಳಿಗೆ

ನಾನು ಬೆಂಗಳೂರಿನಲ್ಲಿ ಸಸ್ಯ ಜೀವಶಾಸ್ತ್ರ ಓದಿಸುತ್ತೇನೆ, ಯಾವ ಬೀಜ ಕಂಪನಿಯ ಸಂಬಳವೂ ಇಲ್ಲ. ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎನ್ನುವ ಮಣ್ಣಿನ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟ ರೇಷ್ಮೆಹುಳುವಿನ ಕಾಯಿಲೆ ಹುಡುಕುವಾಗ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಮತ್ತೆ ಕಂಡರು, ತುರಿಂಜಿಯಾದಲ್ಲಿ ಸಿಕ್ಕಿದ್ದಕ್ಕೆ ಆಮೇಲೆ ಆ ಹೆಸರಿಟ್ಟರು. ಇದರ ಕ್ರೈ ಪ್ರೋಟೀನು ಮರಿಹುಳದ ಕರುಳಿನಲ್ಲಿ ಕೆಲಸ ಮಾಡಬೇಕಾದರೆ ಎರಡು ಷರತ್ತು: ಕರುಳು ಕ್ಷಾರವಾಗಿರಬೇಕು, ಮತ್ತು ಕರುಳಿನ ಗೋಡೆಯಲ್ಲಿ ಆ ಪ್ರೋಟೀನು ಕಚ್ಚಿಕೊಳ್ಳಲು ಗೊತ್ತಾದ ಗ್ರಾಹಿ ಇರಬೇಕು. ಆಗ ಗೋಡೆ ತೂತಾಗಿ ಹುಳ ಸಾಯುತ್ತದೆ. ನಮ್ಮ ಜಠರ ಆಮ್ಲ, ಆ ಗ್ರಾಹಿಗಳೂ ನಮ್ಮಲ್ಲಿಲ್ಲ, ಎಮ್ಮೆಯಲ್ಲೂ ಇಲ್ಲ. ಅಷ್ಟೇ ಏಕೆ, ಹತ್ತಿಯ ಮೇಲೇ ಕೂತು ರಸ ಹೀರುವ ಜಿಗಿಹುಳ, ಬಿಳಿನೊಣಗಳಿಗೂ ಏನೂ ಆಗುವುದಿಲ್ಲ. ಬಿಟಿ ಹಾಕಿದವರು ಅವಕ್ಕೆ ಔಷಧಿ ಹೊಡೆಯುತ್ತಲೇ ಇರುವುದು ಅದಕ್ಕೇ.

ಸಾವಯವ ಕೃಷಿಕರು ಇದೇ ಬ್ಯಾಕ್ಟೀರಿಯಾದ ಪುಡಿಯನ್ನು ದಶಕಗಳಿಂದ ಸಿಂಪಡಿಸುತ್ತಿದ್ದಾರೆ.

ಹಸಿರುಶಾಲು

ಇದೇ ಮಾತನ್ನು ಎಲ್ಲ ವಿಜ್ಞಾನಿಗಳೂ ಹೇಳ್ತಾರೆ, ಅರ್ಧಕ್ಕೆ ನಿಲ್ಲಿಸ್ತಾರೆ. ಸಿಂಪಡಿಸಿದ ಪುಡಿ ಬಿಸಿಲಿಗೆ ನಾಲ್ಕು ದಿನದಲ್ಲಿ ಹಾಳಾಗುತ್ತೆ, ಕಾಯಿ ತೊಳೆದ್ರೆ ಹೋಗುತ್ತೆ. ಗಿಡದ ಒಳಗೇ ಬರೆದಿಟ್ಟದ್ದು ಬಿತ್ತಿದ ದಿನದಿಂದ ಕೊಯ್ಲಿನ ತನಕ ಪ್ರತಿ ಎಲೆಯಲ್ಲಿ, ಪ್ರತಿ ಕಾಯಿಯಲ್ಲಿ ಇರುತ್ತೆ. ಎರಡೂ ಒಂದೇ ಅಂತ ಹೇಗೆ ಹೇಳ್ತೀರಿ ಸಾರ್?

ಇನ್ನೊಂದು. ಸುರಕ್ಷಿತ ಅಂತ ಹೇಳಿದ್ದು ಯಾರು? ಬಿಟಿ ಬದನೆಯ ಇಲಿ ಪರೀಕ್ಷೆ ಮಾಡಿಸಿದ್ದು ಅದನ್ನು ಮಾರಬೇಕಾಗಿದ್ದ ಬೀಜ ಕಂಪನಿ ಮಹಿಕೋ. 90 ದಿನದ ಪರೀಕ್ಷೆ. ಆ ಕಡತ ನೋಡೋದಕ್ಕೆ ಜನ ಮಾಹಿತಿ ಹಕ್ಕು, ಕೋರ್ಟು ಅಂತ ಅಲೆದಾಡಬೇಕಾಯ್ತು. ಮುಚ್ಚಿಡೋ ಅಂಥದ್ದೇನಿರಲಿಲ್ಲ ಅಂದ್ರೆ ಮುಚ್ಚಿಟ್ಟದ್ದು ಯಾಕೆ? 1998ರಲ್ಲಿ ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿ ಕಿತ್ತು ಸುಟ್ಟಿತಲ್ಲ, ಆಗಲೂ ಮೊದಲ ಪ್ರಶ್ನೆ ಇದೇ ಆಗಿತ್ತು: ನಮ್ಮ ಹೊಲದಲ್ಲಿ ಏನು ಬಿತ್ತಿದ್ದೀರಿ ಅಂತ ನಮಗೇ ಯಾಕೆ ಹೇಳಲಿಲ್ಲ?

ಗಾಜಿನನಳಿಗೆ

ಮೊದಲನೆಯದು ಸರಿಯಾದ ಆಕ್ಷೇಪ, ಒಪ್ಪುತ್ತೇನೆ. ತಿನ್ನುವ ಪ್ರಮಾಣ, ಅವಧಿ ಎರಡೂ ಬೇರೆಯಾದ್ದರಿಂದಲೇ ಪುಡಿಯ ಇತಿಹಾಸ ತೋರಿಸಿ ಗಿಡವನ್ನು ಪಾಸು ಮಾಡುವಂತಿಲ್ಲ, ಬೇರೆಯಾಗಿ ಪರೀಕ್ಷೆ ಬೇಕು. ಎರಡನೆಯದಕ್ಕೆ ಹೇಳುತ್ತೇನೆ: ಕಂಪನಿ ಖರ್ಚು ಕೊಡಲಿ, ಆದರೆ ಪರೀಕ್ಷೆ ಮಾಡುವವರನ್ನು ಕಂಪನಿ ಆರಿಸಬಾರದು. ಇದನ್ನು ನಾನು ತರಗತಿಯಲ್ಲೂ ಹೇಳುತ್ತೇನೆ.

ಹಾಗಂತ ಪರೀಕ್ಷೆಗಳೆಲ್ಲ ಬರೀ ಕಣ್ಣೊರೆಸುವ ಕೆಲಸ ಅಂದುಕೊಳ್ಳಬೇಡಿ. ಸೋಯಾ ಅವರೆಗೆ ಬ್ರೆಜಿಲ್ ನಟ್ ಎಂಬ ಕಾಯಿಯ ಜೀನ್ ಸೇರಿಸಿ ದನದ ಮೇವಿನ ಗುಣ ಹೆಚ್ಚಿಸಲು ಅಮೆರಿಕದ ಒಂದು ಕಂಪನಿ ಹೊರಟಿತ್ತು. ಬ್ರೆಜಿಲ್ ನಟ್ ಅಲರ್ಜಿ ಇದ್ದವರ ರಕ್ತದ ಜೊತೆ ಪರೀಕ್ಷಿಸಿದಾಗ ಆ ಸೋಯಾಗೂ ಅಲರ್ಜಿ ತೋರಿತು. 1996ರಲ್ಲಿ ವರದಿ ಪ್ರಕಟವಾಯಿತು, ಆ ಸೋಯಾ ಮಾರುಕಟ್ಟೆಗೇ ಬರಲಿಲ್ಲ. ಅದಕ್ಕೇ "ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ, ಸುರಕ್ಷಿತವೇ" ಎನ್ನುವ ಒಟ್ಟು ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಗಿಡ, ಯಾವ ಜೀನ್, ಎಷ್ಟು ತಿನ್ನುತ್ತೀರಿ ಅಂತ ಕೇಳಿ.

ಸಂಶಯಾತ್ಮ

ಫ್ರಾನ್ಸಿನಲ್ಲಿ ಇಲಿಗಳಿಗೆ ಪಿಂಗ್‌ಪಾಂಗ್ ಚೆಂಡಿನಷ್ಟು ದೊಡ್ಡ ಗೆಡ್ಡೆ ಬಂದಿತ್ತಲ್ಲ, ಅದನ್ನು ಯಾಕೆ ಯಾರೂ ಹೇಳ್ತಿಲ್ಲ? ಫೋಟೋ ಹಾಕಲಾ?

ಗಾಜಿನನಳಿಗೆ

ಫೋಟೋ ಎಲ್ಲರೂ ನೋಡಿದ್ದಾರೆ. ಸೆರಾಲಿನಿ ಎಂಬ ವಿಜ್ಞಾನಿಯ ತಂಡ ಇಲಿಗಳಿಗೆ ಕುಲಾಂತರಿ ಮೆಕ್ಕೆಜೋಳ ತಿನ್ನಿಸಿ ಬರೆದ 2012ರ ಲೇಖನ. 200 ಇಲಿ, ಗುಂಪಿಗೆ ಹತ್ತು ಹತ್ತು, ಎರಡು ವರ್ಷ. ಅವರು ಬಳಸಿದ ಇಲಿ ತಳಿಗೆ ವಯಸ್ಸಾದಂತೆ ತಾನಾಗಿಯೇ ಗೆಡ್ಡೆ ಬರುವುದು ಹೆಚ್ಚು. ಹತ್ತರ ಗುಂಪಿನಲ್ಲಿ ಅದು ಜೋಳದಿಂದ ಬಂತೋ ವಯಸ್ಸಿನಿಂದ ಬಂತೋ ಬೇರ್ಪಡಿಸಲು ಆಗುವುದಿಲ್ಲ. ಪತ್ರಿಕೆ 2013ರಲ್ಲಿ ಲೇಖನ ಹಿಂತೆಗೆದುಕೊಂಡಿತು, 2014ರಲ್ಲಿ ಇನ್ನೊಂದು ಪತ್ರಿಕೆ ಮರುಪ್ರಕಟಿಸಿತು. ಆಮೇಲೆ ಐರೋಪ್ಯ ಒಕ್ಕೂಟ ತನ್ನ ದುಡ್ಡಿನಲ್ಲೇ ಅದೇ ಜೋಳವನ್ನು ಎರಡು ವರ್ಷ ಇಲಿಗಳಿಗೆ ತಿನ್ನಿಸಿ ನೋಡಿಸಿತು. ಹಾನಿ ಕಾಣಲಿಲ್ಲ. ಯೂರೋಪಿನವರೇನೂ ಕುಲಾಂತರಿಯ ಅಭಿಮಾನಿಗಳಲ್ಲ ಎನ್ನುವುದು ನೆನಪಿರಲಿ.

ಸಂಶಯಾತ್ಮ

ನಿಮ್ಮಂಥವರು ಎಲ್ಲದಕ್ಕೂ ಒಂದು ಸಬೂಬು ಇಟ್ಕೊಂಡಿರ್ತೀರಿ. ನಾಳೆ ನಿಮ್ಮ ಮಕ್ಕಳಿಗೆ

ಮೇಲ್ವಿಚಾರಕ

ಸಂಶಯಾತ್ಮ ಅವರ ಹಿಂದಿನ ಪೋಸ್ಟಿನ ಕೊನೆಯ ಸಾಲು ತೆಗೆದಿದ್ದೇನೆ. ಯಾರ ಮನೆಯ ಮಕ್ಕಳನ್ನೂ ಎಳೆಯಬೇಡಿ. ಆಕ್ಷೇಪ ಇದ್ದರೆ ಪ್ರಯೋಗದ ಬಗ್ಗೆ ಬರೆಯಿರಿ.

ಬೀಜದಂಗಡಿ_ಗದಗ

ಎಲ್ಲಾ ಓದಿಕೋಂತ ಕುಂತಿದ್ದೆ. ತಿನ್ನೋ ಸುರಕ್ಷತಾ ಆತು, ಹೊಲದ ಸುರಕ್ಷತಾ ಯಾರು ಮಾತಾಡ್ತೀರಿ? ನಾ ಬಿಟಿ ಬಂದಾಗಿನಿಂದ ಮಾರಾಟ ಮಾಡೇನಿ. 2002ರಾಗ ಪರವಾನಗಿ ಕೊಟ್ರು. ಶುರುವಿಗೆ 450 ಗ್ರಾಮಿನ ಪ್ಯಾಕೀಟು 1600 ರೂಪಾಯಿ ಮ್ಯಾಲ. ಆಂಧ್ರ ಸರ್ಕಾರ ಜಗಳಕ್ಕ ನಿಂತ ಮ್ಯಾಲ, 2006ರಾಗ 750ಕ್ಕ ಇಳೀತು. ಅದರ ಒಳಗ 120 ಗ್ರಾಮಿನ ಇನ್ನೊಂದು ಸಣ್ಣ ಪ್ಯಾಕೀಟು ಇರ್ತಿತ್ತು, ನೆನಪೈತೇನು? ಬಿಟಿ ಇಲ್ಲದ ಬೀಜ. ಹೊಲದ ಸುತ್ತ ಐದು ಸಾಲು ಅದನ್ನ ಹಾಕಬೇಕು ಅಂತ ಕಾನೂನು.

ಯಾರು ಹಾಕಿದ್ರು? ನನ್ನ ಅಂಗಡಿ ಕಟ್ಟಿ ಮ್ಯಾಲೇ ಒಡದು ಸಣ್ಣ ಪ್ಯಾಕೀಟು ಗಟಾರಕ್ಕ ಎಸದು ಹೋಗ್ತಿದ್ರು. ಕೆಲವರು ಅದನ್ನ ಸಾಲು ತಪ್ಪಿದಲ್ಲಿ ಕುಣಿ ತುಂಬಾಕ ಬಳಸೋರು. "ಹುಳಕ್ಕ ಮೇಯಾಕ ಅಂತ ನಾ ಯಾಕ ಐದು ಸಾಲು ಬೆಳೀಲಿ?" ಅಂತ ಕೇಳ್ತಿದ್ರು. ನನಗೂ ಯಾರೂ ಬಿಡಿಸಿ ಹೇಳಿರಲಿಲ್ಲ. ಕಂಪನಿಯವರು ಬಂದ್ರ ಇಳುವರಿ, ಬಹುಮಾನ, ಟೂರು ಇಷ್ಟೇ ಮಾತಾಡೂದು.

ಕರಿಮಣ್ಣು_ಕುಂದಗೋಳ

ಖರೇ ಮಾತು ಅಣ್ಣಾರ. ನಾವೂ ಅದನ್ನ ಹಾಕ್ಲಿಲ್ಲ.

ಈಗ ಅದರ ಫಲ ನೋಡ್ತೇವಿ. ಹೂ ಅರಳೂದ ಇಲ್ಲ. ಎಸಳಿಗೆ ಎಸಳು ಅಂಟಿಕೊಂಡು ತುದಿ ತಿರುವಿದಂಗ ಮುಚ್ಚಿಕೊಂಡಿರ್ತಾವ. ಬಿಡಿಸಿ ನೋಡಿದ್ರ ಒಳಗ ಹುಳ. ಕಾಯಿ ಹೊರಗಿಂದ ಹಚ್ಚಗ, ಗಟ್ಟಿ, ತೂತೂ ಕಾಣೂದಿಲ್ಲ. ಚೊಲೋ ಕಾಯಿ ಅಂತ ಖುಷಿ ಪಡ್ತೀವಿ. ಒಡದ್ರ ಅರಳಿ ಹಳದಿಗೆ ತಿರುಗಿರ್ತದ, ಎರಡು ಕಾಳು ಕೂಡಿಸಿ ಅಂಟಿಸಿಕೊಂಡು ನಡುವ ಗುಲಾಬಿ ಬಣ್ಣದ್ದು ಮಲಗಿರ್ತದ. ಮೊದಲಿನ ಹಸಿರು ಕಾಯಿಕೊರಕ ಎಲಿ ಮ್ಯಾಲ ಕಾಣ್ತಿತ್ತು, ಆರಿಸಿ ಕೊಲ್ಲತಿದ್ವಿ. ಇದು ಕಾಣೂದೇ ಇಲ್ಲ. ಎಣ್ಣಿ ಹೊಡದ್ರ ಒಳಗ ಮುಟ್ಟೂದಿಲ್ಲ. ಬಿಟಿ ಅಂದ್ರ ಹುಳ ಬರೂದಿಲ್ಲ ಅಂತ ಹೇಳಿ ಕೊಟ್ಟಿದ್ರಲ್ಲ, ಈಗ ಅದೇ ಬೀಜ, ಮ್ಯಾಲ ಎಣ್ಣಿ ಖರ್ಚೂ ಬ್ಯಾರೆ.

ಗಾಜಿನನಳಿಗೆ

ಈ ಎರಡು ಪೋಸ್ಟುಗಳು ನನ್ನ ಎಲ್ಲ ಪೋಸ್ಟಿಗಿಂತ ಮುಖ್ಯ. ಏನಾಯಿತು ಅಂತ ಬಿಡಿಸಿ ಬರೆಯುತ್ತೇನೆ, ಉದ್ದವಾಗುತ್ತದೆ.

ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಒಂದೆರಡಕ್ಕೆ ಕ್ರೈ ಪ್ರೋಟೀನು ತಡೆಯುವ ಗುಣ ಹುಟ್ಟಿನಿಂದ ಇರುತ್ತದೆ. ಊರೆಲ್ಲ ಬಿಟಿಯೇ ಇದ್ದರೆ ಉಳಿದವೆಲ್ಲ ಸತ್ತು ಆ ಒಂದೆರಡು ತಮ್ಮತಮ್ಮಲ್ಲೇ ಕೂಡಿ ಮರಿ ಹಾಕುತ್ತವೆ. ಸುತ್ತ ಐದು ಸಾಲು ಬಿಟಿ ಇಲ್ಲದ ಹತ್ತಿ ಇದ್ದರೆ ಅಲ್ಲಿ ಸಾಮಾನ್ಯ ಹುಳಗಳು ಸಾಕಷ್ಟು ಬದುಕಿರುತ್ತವೆ, ಗಟ್ಟಿ ಹುಳ ಅವುಗಳ ಜೊತೆ ಕೂಡುತ್ತದೆ, ಮರಿ ಮತ್ತೆ ಬಿಟಿಗೆ ಸಾಯುತ್ತದೆ. ಆ ಐದು ಸಾಲು ಹುಳಕ್ಕೆ ಮಾಡುವ ದಾನವಲ್ಲ, ಬೀಜಕ್ಕೆ ಕಟ್ಟುವ ವಿಮೆ.

ನಮ್ಮಲ್ಲಿ ಅದು ನಡೆಯಲಿಲ್ಲ. 2010ರಲ್ಲಿ ಬಿಟಿ ಹತ್ತಿಯ ಜೀನ್ ಮಾಡಿದ ಮೊನ್ಸಾಂಟೊ ಕಂಪನಿಯೇ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಹತ್ತಿಯ ಕ್ರೈ1ಎಸಿ ಪ್ರೋಟೀನನ್ನು ತಡೆದುಕೊಂಡಿದೆ ಅಂತ ಒಪ್ಪಿತು. ಅಷ್ಟರಲ್ಲಿ ಎರಡು ಬಿಟಿ ಜೀನಿನ ಬಿಜಿ-2 ಹತ್ತಿ ಬಂದಿತ್ತು, 2006ರಿಂದ. ಕೆಲವು ವರ್ಷಕ್ಕೆ ಅದೂ ಸೋತಿತು. ಗುಜರಾತಿನಿಂದ ಹಿಡಿದು ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು ತನಕ.

ರೈತರು ಸಣ್ಣ ಪ್ಯಾಕೇಟು ಎಸೆದದ್ದೊಂದೇ ಕಾರಣ ಅನ್ನುವವರಿದ್ದಾರೆ, ನನಗೆ ಅದು ಅನ್ಯಾಯ ಅನಿಸುತ್ತದೆ. ಬೇರೆ ದೇಶಗಳಲ್ಲಿ ಬಿಟಿಯನ್ನು ಸಾಮಾನ್ಯ ತಳಿಗೆ ಹಾಕಿದರು. ನಮ್ಮಲ್ಲಿ ಹಾಕಿದ್ದು ಎರಡು ತಳಿ ಕೂಡಿಸಿದ ಹೈಬ್ರಿಡ್‌ಗೆ, ಏಕೆಂದರೆ ಹೈಬ್ರಿಡ್ ಬೀಜ ವರ್ಷವರ್ಷ ಕೊಳ್ಳಲೇಬೇಕು. ಇದರಿಂದ ಇನ್ನೊಂದು ಎಡವಟ್ಟಾಯಿತು: ಹೈಬ್ರಿಡ್ ಗಿಡದ ಕಾಯಿಯೊಳಗಿನ ಕಾಳುಗಳಲ್ಲಿ ಕೆಲವಕ್ಕೆ ಬಿಟಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗುಲಾಬಿ ಹುಳ ಬದುಕುವುದೇ ಕಾಳಿನಲ್ಲಿ. ಸ್ವಲ್ಪ ವಿಷ, ಸ್ವಲ್ಪ ಊಟ, ಪಳಗಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ? ಜೊತೆಗೆ ನಮ್ಮ ಹೈಬ್ರಿಡ್‌ಗಳು ದೀರ್ಘಾವಧಿಯವು. ನೀರು ಇದ್ದವರು ಫೆಬ್ರವರಿ, ಮಾರ್ಚ್ ತನಕ ಹೊಲದಲ್ಲಿ ಬಿಡುತ್ತಾರೆ, ಹುಳಕ್ಕೆ ವರ್ಷದ ಬಹುಭಾಗ ಮನೆ.

ಅಮೆರಿಕದ ಅರಿಜೋನದಲ್ಲೂ ಇದೇ ಹುಳ, ಇದೇ ಬಿಟಿ. ಅಲ್ಲಿ ಬಿಟಿ ಇಲ್ಲದ ಹತ್ತಿಯನ್ನು ವರ್ಷಾನುಗಟ್ಟಲೆ ಕಡ್ಡಾಯವಾಗಿ ಬೆಳೆಸಿದರು. ಆಮೇಲೆ ಬರಡು ಮಾಡಿದ ಪತಂಗಗಳನ್ನು ಕೋಟಿಗಟ್ಟಲೆ ವಿಮಾನದಿಂದ ಬಿಟ್ಟರು. 2018ರಲ್ಲಿ ಹತ್ತಿ ಬೆಳೆಯುವ ಪ್ರದೇಶದಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತು ಎಂದು ಅಲ್ಲಿನ ಕೃಷಿ ಇಲಾಖೆ ಘೋಷಿಸಿತು. ಜೀನ್ ಅದೇ. ನಡೆಸಿದ ರೀತಿ ಬೇರೆ.

ಹಸಿರುಶಾಲು

ಅಂದ್ರೆ ಒಪ್ಪಿಕೊಂಡ್ರಿ, ಬಿಟಿ ಸೋತಿದೆ ಅಂತ.

ಗಾಜಿನನಳಿಗೆ

ಗುಲಾಬಿ ಹುಳದ ಮುಂದೆ ಸೋತಿದೆ. ಹಸಿರು ಕಾಯಿಕೊರಕದ ಮುಂದೆ ಇವತ್ತಿಗೂ ಬಹುಮಟ್ಟಿಗೆ ನಿಂತಿದೆ. 1990ರ ದಶಕದ ಕೊನೆಯಲ್ಲಿ ಆ ಹುಳಕ್ಕೆ ಹೊಡೆಯುತ್ತಿದ್ದ ಎಂಡೋಸಲ್ಫಾನ್, ಮೋನೋಕ್ರೋಟೋಫಾಸ್ ಡಬ್ಬಗಳನ್ನು ನೋಡಿದವರಿಗೆ ಅದು ಸಣ್ಣ ವಿಚಾರ ಅಲ್ಲ.

ದನದಡಾಕ್ಟ್ರು

ಡಬ್ಬದ ಮಾತು ಬಂದಿದ್ದರಿಂದ ಒಂದು ಮಾತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ 20ಕ್ಕೂ ಹೆಚ್ಚು ಜನ ಸತ್ತರು. ಬಿಟಿ ಹತ್ತಿ ಹೊಲಗಳೇ ಅವು. ಅವರನ್ನು ಕೊಂದದ್ದು ಜೀನ್ ಅಲ್ಲ, ಮಾಸ್ಕೂ ಇಲ್ಲದೆ ಆಳೆತ್ತರದ ಗಿಡದ ನಡುವೆ ಹೊಡೆದ ಎಣ್ಣೆ. ಸುರಕ್ಷತೆ ಚರ್ಚೆಯಲ್ಲಿ ಇವರ ಲೆಕ್ಕ ಎಲ್ಲಿ ಬರುತ್ತೆ ಅಂತ ನನಗೆ ಯಾವಾಗಲೂ ಅನಿಸುತ್ತೆ.

ಕಟಪಾಡಿಯವಳು

ಹತ್ತಿ ಬಗ್ಗೆ ನನಗೆ ಗೊತ್ತಿಲ್ಲ ಮಾರ್ರೆ, ಬದನೆ ಬಗ್ಗೆ ಹೇಳ್ತೇನೆ. ನಮ್ಮ ಪಕ್ಕದ ಮಟ್ಟು ಊರಿನ ಗುಳ್ಳ ಗೊತ್ತುಂಟಲ್ಲ, ಉರುಟು, ಹಸಿರು, ಮೈ ಮೇಲೆ ಬಿಳಿ ಗೆರೆ, ತೊಟ್ಟಲ್ಲಿ ಮುಳ್ಳು. ವಾದಿರಾಜರು ಬೀಜ ಕೊಟ್ಟದ್ದು ಅಂತ ಪ್ರತೀತಿ. ಉಡುಪಿ ಕೃಷ್ಣಮಠದ ಪರ್ಯಾಯಕ್ಕೆ ಮಟ್ಟುವಿನವರು ಹೊರೆಕಾಣಿಕೆಯಲ್ಲಿ ಗುಳ್ಳ ತಕೊಂಡು ಹೋಗ್ತಾರೆ. 2011ರಲ್ಲಿ ಈ ಊರಿನದ್ದೇ ಬೆಳೆ ಅಂತ ಭೌಗೋಳಿಕ ಗುರುತು ಸಿಕ್ಕಿತು. ಸಿಪ್ಪೆ ತೆಳು, ಹುಳಿ ಮಾಡಿದ್ರೆ ಬಾಯಲ್ಲಿ ಕರಗ್ತದೆ, ಕಹಿ ಇಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಮಾಡ್ಲಿಕ್ಕೆ ಹೊರಟ ಬದನೆಗಳಲ್ಲಿ ಮಲಾಪುರ ಲೋಕಲ್, ಕುಡಚಿ ಲೋಕಲ್ ಜೊತೆಗೆ ಉಡುಪಿ ಗುಳ್ಳವೂ ಇತ್ತು. ಕೇಳಿದಾಗ ಇಲ್ಲಿ ಎಷ್ಟು ಗಲಾಟೆ ಆಯ್ತು ಗೊತ್ತುಂಟಾ? ವಿಷ ಆಗ್ತದೆ ಅಂತ ಮಾತ್ರ ಅಲ್ಲ. ಬದನೆಗೆ ಜೇನು, ದುಂಬಿ ಬರ್ತಾವೆ, ಪಕ್ಕದ ಗದ್ದೆಯ ಪರಾಗ ಬಂದು ಬೀಳ್ತದೆ. ಮಟ್ಟುವಿನವರು ಬೀಜ ಅಂಗಡಿಯಿಂದ ತರುವುದಲ್ಲ, ಒಳ್ಳೆ ಕಾಯಿ ಗಿಡದಲ್ಲೇ ಹಣ್ಣಾಗ್ಲಿಕ್ಕೆ ಬಿಟ್ಟು, ಬೀಜ ತೆಗೆದು ತೊಳೆದು ಒಣಗಿಸಿ ಇಡ್ತಾರೆ. ಒಂದು ಸಲ ಬೆರೆತರೆ ಯಾವ ಗಿಡದ್ದು ಯಾವುದು ಅಂತ ಕಣ್ಣಲ್ಲಿ ಹೇಳ್ಲಿಕ್ಕೆ ಆಗ್ತದಾ? ದೇವರಿಗೆ ಕೊಡುವ ಗುಳ್ಳ ಅದು.

ಎತ್ತಿನಗುಡ್ಡ_ಹಳೇವಿದ್ಯಾರ್ಥಿ

ತಂಗಿ, ನಿಮ್ಮ ಸಿಟ್ಟು ಅರ್ಥ ಆಗ್ತದ. ಆದರ ವಿಶ್ವವಿದ್ಯಾಲಯದವರು ಯಾಕ ಆ ಕೆಲಸಕ್ಕ ಇಳಿದ್ರು ಅನ್ನೂದನ್ನೂ ಹೇಳಬೇಕು. ಅವು ಹೈಬ್ರಿಡ್ ಅಲ್ಲ, ತಳಿ. ರೈತ ಬೀಜ ಇಟ್ಕೊಂಡು ಮುಂದಿನ ವರ್ಷ ಹಚ್ಚಬಹುದಿತ್ತು. ಕಂಪನಿ ಹೈಬ್ರಿಡ್ ಮಾರಿದ್ರ ಸರ್ಕಾರಿ ಸಂಸ್ಥೆ ಅಗ್ಗದ ತಳಿ ಕೊಡಲಿ ಅನ್ನೋ ಲೆಕ್ಕ. ಲೆಕ್ಕ ಚೊಲೋ ಇತ್ತು, ಆದರ ಊರಿನವರನ್ನ, ಜೀವವೈವಿಧ್ಯ ಮಂಡಳಿಯನ್ನ ಕೇಳದೇ ಸ್ಥಳೀಯ ತಳಿ ಬಳಸಿದ್ರು ಅಂತ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಅನ್ನೋ ಪರಿಸರ ಸಂಘಟನೆ 2010ರಾಗ ದೂರು ಕೊಟ್ಟಿತು. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವೂ ಕಾನೂನು ಕ್ರಮಕ್ಕ ಮುಂದಾತು.

ಹತ್ತಿಯೊಳಗೂ ಹಂಗೇ ಆತು. ಧಾರವಾಡ ಅಂದ್ರ ಹತ್ತಿ ಸಂಶೋಧನಾಕ್ಕ ದೊಡ್ಡ ಹೆಸರು. ವಿಜ್ಞಾನಿ ಕಟರ್ಕಿಯವರ ವರಲಕ್ಷ್ಮಿ, ಆಮೇಲೆ ಡಿಸಿಎಚ್-32 ಅನ್ನೋ ಹೈಬ್ರಿಡ್ ಹತ್ತಿ ಬಂದ ನೆಲ. ಸಾರ್ವಜನಿಕ ಸಂಸ್ಥೆಗಳು ಕೂಡಿ ಬಿಕಾನೇರಿ ನರ್ಮಾ ತಳಿಗೆ ಬಿಟಿ ಹಾಕಿ 2009ರಾಗ ಹೊರತಂದ್ರು, ಬೀಜ ಇಟ್ಕೊಳ್ಳಬಹುದಾದ ದೇಸೀ ಬಿಟಿ ಅಂತ. ಆಮೇಲೆ ನೋಡಿದ್ರ ಅದರಾಗ ಮೊನ್ಸಾಂಟೊದ ಜೀನ್ ರಚನೆ ಸಿಕ್ತು! ಬೀಜ ವಾಪಸ್ ತಗೊಂಡ್ರು, ಸೋಪೋರಿ ಅನ್ನೋ ವಿಜ್ಞಾನಿಯ ಸಮಿತಿ ವಿಚಾರಣಾ ಮಾಡಿತು. ಸರ್ಕಾರಿ ಬಿಟಿಯ ಕಥಿ ಅಲ್ಲಿಗೆ ದಶಕ ಹಿಂದಕ್ಕ ಹೋತು. ನನಗೆ ಇವತ್ತಿಗೂ ಹೊಟ್ಟಿ ಉರೀತದ ಅದನ್ನ ನೆನಸಿದ್ರ.

ಹಸಿರುಶಾಲು

ಬದನೆಗೆ ಆಗ ಜನ ಮಾತಾಡಿದ್ದರಿಂದಲೇ ನಿಂತಿತು. 2009ರ ಅಕ್ಟೋಬರಿನಲ್ಲಿ ಜಿಇಎಸಿ, ಅಂದ್ರೆ ಕುಲಾಂತರಿಗೆ ಒಪ್ಪಿಗೆ ಕೊಡೋ ಕೇಂದ್ರದ ಸಮಿತಿ, ಒಪ್ಪಿಗೆ ಕೊಟ್ಟಿತ್ತು. ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ಏಳು ಊರಲ್ಲಿ ಸಭೆ ಮಾಡಿದ್ರು, ಕೊನೇದು 2010ರ ಫೆಬ್ರವರಿ 6ಕ್ಕೆ ಬೆಂಗಳೂರಲ್ಲಿ. 9ಕ್ಕೆ ತಡೆ ಘೋಷಣೆ. ಆಗ ಯಡಿಯೂರಪ್ಪನವರ ಸರ್ಕಾರವೂ ಬೇಡ ಅಂತಲೇ ಹೇಳಿತ್ತು. ಇವತ್ತಿಗೂ ತಡೆ ಹಾಗೇ ಇದೆ.

ಅಯೋವಾ_ಕನ್ನಡಿಗ

ತಡೆ ಇದ್ದೂ 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಬಿಟಿ ಬದನೆ ಸಿಕ್ಕಿತಲ್ಲ. ಬಾಂಗ್ಲಾದೇಶದವರು ಅದೇ ಜೀನ್ ತೆಗೆದುಕೊಂಡು 2013ರಲ್ಲಿ ಒಪ್ಪಿಗೆ ಕೊಟ್ಟರು, ಮುಂದಿನ ವರ್ಷ 20 ರೈತರಿಗೆ ಸಸಿ ಹಂಚಿದರು, ಅಲ್ಲಿನ ಸರ್ಕಾರಿ ಸಂಸ್ಥೆಯದೇ ತಳಿಗಳು, ಬೀಜ ಇಟ್ಟುಕೊಳ್ಳಬಹುದು. ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಗಣನೀಯವಾಗಿ ಇಳಿದಿದೆ ಅಂತ ಅಧ್ಯಯನಗಳೇ ಇವೆ. ಮಾರುಕಟ್ಟೆಯಲ್ಲಿ ಹೊಳೆಯುವ ಬದನೆ ಕೊಳ್ಳುವವರು ಅದಕ್ಕೆ ಎಷ್ಟು ಸಲ ಹೊಡೆದಿದ್ದಾರೆ ಅಂತ ಕೇಳಿದ್ದೀರಾ?

ಅಮೆರಿಕದ ಅಯೋವಾದಲ್ಲಿ ನಾನಿರುವ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಕುಲಾಂತರಿ ಮೆಕ್ಕೆಜೋಳ, ಸೋಯಾ. ಇಲ್ಲಿನ ವಿಜ್ಞಾನ ಅಕಾಡೆಮಿಗಳ 2016ರ ದೊಡ್ಡ ವರದಿ, ತಿಂದವರ ಆರೋಗ್ಯಕ್ಕೆ ಸಾಮಾನ್ಯ ಬೆಳೆಗಿಂತ ಹೆಚ್ಚಿನ ಅಪಾಯಕ್ಕೆ ಪುರಾವೆ ಇಲ್ಲ ಎಂದಿತು. ಆದರೆ ಅದೇ ವರದಿ ಕಳೆನಾಶಕಕ್ಕೆ ಬಗ್ಗದ ಕಳೆಗಳು ದೊಡ್ಡ ತಲೆನೋವಾಗಿವೆ ಅಂತಲೂ ಬರೆದಿದೆ. ಇಲ್ಲಿನ ರೈತರ ಬಾಯಲ್ಲಿ ಕೇಳುವುದು ಅದನ್ನೇ. ಮೊದಲು ಒಂದು ಔಷಧಿ ಸಾಕಿತ್ತು, ಈಗ ಮೂರು ಬೆರೆಸುತ್ತಾರೆ. ನನಗೆ ಬಿಟಿಗಿಂತ ಕಳೆನಾಶಕ ಹೊಡೆದರೂ ಸಾಯದಂತೆ ಮಾಡಿದ ಈ ಬೆಳೆಗಳ ಮೇಲೆ ಅನುಮಾನ ಹೆಚ್ಚು.

ಬೀಜದಂಗಡಿ_ಗದಗ

ಕಳೆನಾಶಕ ಹೊಡದ್ರೂ ಸಾಯದ ಬಿಟಿ ಹತ್ತಿ ನಮ್ಮಲ್ಲೂ ಬಂದೈತಿ ಕಳ್ಳದಾರಿಲೇ. ಎಚ್‌ಟಿಬಿಟಿ. ಬಿಲ್ಲಿಲ್ಲ, ಪ್ಯಾಕೀಟಿನ ಮ್ಯಾಲ ಹೆಸರಿಲ್ಲ, ರಾತ್ರಿ ಬೈಕ್ ಮ್ಯಾಲ ತಂದು ಕೊಡ್ತಾರ. ಕಳೆ ತೆಗಿಯಾಕ ಆಳು ಸಿಗೂದಿಲ್ಲ, ಸಿಕ್ಕರ ಕೂಲಿ ಹೊಂದೂದಿಲ್ಲ, ಅದಕ್ಕ ರೈತರು ತಗೋತಾರ. ಮೊಳಕಿ ಬರ್ಲಿಲ್ಲ ಅಂದ್ರ ಯಾರನ್ನ ಕೇಳ್ತಿ? ನಾ ಮಾರೂದಿಲ್ಲ. ಮಾರದಿದ್ದಕ್ಕ ಗಿರಾಕಿ ಕಳಕೊಂಡೇನಿ.

ಸಂಶಯಾತ್ಮ

ಸರಿ, ಪ್ರಯೋಗದ ಬಗ್ಗೆಯೇ ಕೇಳ್ತೀನಿ. ನಾನು ತಿನ್ನೋದು ಕುಲಾಂತರಿಯೋ ಅಲ್ಲವೋ ಅಂತ ತಿಳಿಯೋ ಹಕ್ಕಾದ್ರೂ ಇದೆಯಾ? ಹತ್ತಿಕಾಳೆಣ್ಣೆ ಎಷ್ಟು ವರ್ಷದಿಂದ ತಿಂಡಿ ಕರಿಯೋಕೆ ಹೋಗ್ತಿದೆ, ಯಾವ ಪ್ಯಾಕೆಟ್ ಮೇಲಾದ್ರೂ ಬರೆದಿದ್ದಾರಾ? 2021ರಲ್ಲಿ ಕೋಳಿಗೆ ಅಂತ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸೋಕೆ ಕೇಂದ್ರವೇ ಬಿಟ್ಟಿತು. ಒಂದು ಕಡೆ ಬೆಳೆಯೋಕೆ ತಡೆ, ಇನ್ನೊಂದು ಕಡೆ ತರಿಸೋಕೆ ಬಾಗಿಲು.

ಗಾಜಿನನಳಿಗೆ

ಇದರಲ್ಲಿ ನಾನು ನಿಮ್ಮ ಕಡೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನೇ ಇರುವುದಿಲ್ಲ, ಆರೋಗ್ಯದ ದೃಷ್ಟಿಯಿಂದ ವ್ಯತ್ಯಾಸವಿಲ್ಲ. ಆದರೂ ಪ್ಯಾಕೆಟ್ ಮೇಲೆ ಚೀಟಿ ಬೇಕು. ಗೊತ್ತಿಲ್ಲದೆ ತಿನ್ನಿಸಿದ್ದು ಎಷ್ಟೇ ಒಳ್ಳೆಯದಾದರೂ ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಎರಡಾಯಿತು. ನಮ್ಮ ರಾಜ್ಯದವರೇ ಆದ ನಾಗರತ್ನ ಅವರು ಒಪ್ಪಿಗೆಯನ್ನು ರದ್ದು ಮಾಡಿದರು, ಸಂಜಯ್ ಕರೋಲ್ ಎತ್ತಿಹಿಡಿದರು. ಆದರೆ ರಾಷ್ಟ್ರೀಯ ನೀತಿಯೊಂದನ್ನು ಎಲ್ಲರನ್ನೂ ಕೇಳಿ ರೂಪಿಸಬೇಕು, ಆಮದಾಗುವ ಕುಲಾಂತರಿ ಖಾದ್ಯ ತೈಲದ ವಿಚಾರದಲ್ಲಿ ಚೀಟಿಯ ಕಾನೂನು ಪಾಲಿಸಬೇಕು ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತ.

ಬಿಪಿಟಿ_ಗಂಗಾವತಿ

ನಮ್ದು ಭತ್ತದ ಸೀಮಿ, ತಡವಾಗಿ ಬಂದೀನಿ. 2025ರ ಮೇದಾಗ ಕೇಂದ್ರದ ಕೃಷಿ ಮಂತ್ರಿ ಎರಡು ಹೊಸ ಭತ್ತ ಬಿಟ್ರಲ್ಲ, ಜೀನ್ ತಿದ್ದಿದ್ದು ಅಂತ. ಅದರಾಗ ಕಮಲಾ ಅನ್ನೂದು ನಾವು ಬೆಳಿಯೂ ಬಿಪಿಟಿ 5204 ತಳಿಯನ್ನೇ ತಿದ್ದಿ ಮಾಡಿದ್ದಂತ, 15-20 ದಿನ ಮುಂಚೆ ಬರ್ತದಂತ. ಕಾಲುವಿ ನೀರು ಕಡೀಗೆ ಕೈ ಕೊಡೂ ನಮಗ ಅಷ್ಟು ದಿನ ಅಂದ್ರ ಬಂಗಾರ. ಇದೂ ಬಿಟಿಯಂಗನಾ?

ಗಾಜಿನನಳಿಗೆ

ಅಲ್ಲ. ಬಿಟಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಹೊರಗಿನಿಂದ ಬರುತ್ತದೆ. ಕಮಲಾದಲ್ಲಿ ಭತ್ತದ್ದೇ ಒಂದು ಜೀನನ್ನು ಕತ್ತರಿಸಿ ಅದರ ಕೆಲಸ ನಿಲ್ಲಿಸಿದ್ದಾರೆ, ತೆನೆಯಲ್ಲಿ ಕಾಳು ಹೆಚ್ಚು ಕಟ್ಟಲಿ ಅಂತ. ಹೊರಗಿನ ಜೀನ್ ಉಳಿಯುವುದಿಲ್ಲ ಎನ್ನುವ ಕಾರಣಕ್ಕೆ ಇಂಥವನ್ನು 2022ರಲ್ಲೇ ಕೇಂದ್ರ ಸರ್ಕಾರ ಜಿಇಎಸಿಯ ಉದ್ದದ ದಾರಿಯಿಂದ ಹೊರಗಿಟ್ಟಿದೆ. ಅಪಾಯ ಕಡಿಮೆ ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಆದರೆ ಪರೀಕ್ಷೆಯ ದತ್ತಾಂಶ ಪೂರ್ತಿ ಜನರ ಮುಂದೆ ಇಡಬೇಕು, ಬದನೆಯಲ್ಲಿ ಮಾಡಿದ ಹಾಗೆ ಕೋರ್ಟಿಗೆ ಅಲೆಸಬಾರದು.

ಬಿಪಿಟಿ_ಗಂಗಾವತಿ

ಬೀಜ ಮನ್ಯಾಗ ಇಟ್ಕೋಬೌದಾ? ಪಕ್ಕದ ಹೊಲದವಗ ಕೊಟ್ರ ಕೇಸ್ ಹಾಕ್ತಾರಾ?

ಎತ್ತಿನಗುಡ್ಡ_ಹಳೇವಿದ್ಯಾರ್ಥಿ

ಅದು ಹೈಬ್ರಿಡ್ ಅಲ್ಲ, ಇಟ್ಕೋಬಹುದು. 2001ರ ಸಸ್ಯ ತಳಿ ರಕ್ಷಣೆ ಕಾಯ್ದೆ 39ನೇ ಕಲಮಿನಾಗ ರೈತ ಬೀಜ ಇಟ್ಕೊಳ್ಳೂದು, ಬಿತ್ತೂದು, ಕೊಡು-ತಗೊಳ್ಳೂದು, ಮಾರೂದು ಎಲ್ಲಾ ಐತಿ. ಹೆಸರು ಹಾಕಿದ ಬ್ರ್ಯಾಂಡ್ ಚೀಲದಾಗ ತುಂಬಿ ಮಾರೂ ಹಂಗಿಲ್ಲ, ಅಷ್ಟೇ. 2019ರಾಗ ಗುಜರಾತಿನ ಆಲೂಗಡ್ಡಿ ರೈತರ ಮ್ಯಾಲ ಪೆಪ್ಸಿಕೋ ಕೋಟಿಗಟ್ಟಲೆ ಪರಿಹಾರ ಕೇಳಿ ಕೇಸ್ ಹಾಕಿ, ಗಲಾಟಿ ಆದ ಮ್ಯಾಲ ವಾಪಸ್ ತಗೊಂಡಿತು. ರೈತರ ಕಡೆಯವರು ತೋರಿಸಿದ್ದು ಇದೇ ಕಲಮು. ಆದರ ಜೀನ್ ಕತ್ತರಿಸೋ ಆ ಉಪಕರಣದ ಪೇಟೆಂಟು ಹೊರದೇಶದವರ ಕೈಯಾಗ ಐತಿ. ಅದರ ಲೈಸನ್ಸು ಬಗೆಹರದೈತೋ ಇಲ್ಲೋ ಅಂತ ಬೀಜ ತರೂಮುಂದ ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ. ಬಾಯಿಮಾತು ಬ್ಯಾಡ, ಬರದು ಕೊಡ್ರಿ ಅನ್ರಿ.

ಬಿಪಿಟಿ_ಗಂಗಾವತಿ

ಆತು. ಬೀಜ ಬಂದ್ರ ಮೊದಲ ನಾಲ್ಕು ಗುಂಟೇದಾಗ ಹಚ್ತೀನಿ, ಬದುವಿನ ಆಚೆ ಹಳೇ ಬಿಪಿಟಿ ಇರ್ತದ. ತೂಕ ಮಾಡಿ ಇಲ್ಲೇ ಬರೀತೀನಿ.